ಅನುಭವವಿರುವ ಫ್ರೆಶರ್ ಬೇಕಾಗಿದ್ದಾನೆ

ಜಾಹೀರಾತು ಹೀಗಿರುತ್ತದೆ: ‘ಫ್ರೆಶರ್‌ಗಳಿಗೆ ಸುವರ್ಣಾವಕಾಶ. ಹುದ್ದೆ: ಡೆಸ್ಕ್‌ಟಾಪ್ ಸಪೋರ್ಟ್ ಇಂಜಿನಿಯರ್, ಎಲ್1. ಸ್ಥಳ: ಐರೋಲಿ, ಮಹಾಪೆ, ಅಂಧೇರಿ ಅಥವಾ ಕ್ಲೈಂಟ್ ಹೇಳಿದಲ್ಲಿ. ಬಿಎಸ್ಸಿ ಐಟಿ ಅಥವಾ ಬಿಸಿಎ ಆಗಿರಬೇಕು. ಸಿಸಿಎನ್‌ಎ ಕಡ್ಡಾಯ, ಕ್ಲೌಡ್ ಸರ್ಟಿಫಿಕೇಟ್ ಇದ್ದವರಿಗೆ ಆದ್ಯತೆ. ಇಂಗ್ಲಿಷ್, ಹಿಂದಿ, ಮರಾಠಿ ಮೂರೂ ಸಲೀಸಾಗಿ ಬರಬೇಕು. ರಾತ್ರಿ ಪಾಳಿಗೆ ತಯಾರಿರಬೇಕು. ಸ್ವಂತ ಬೈಕ್ ಇರಬೇಕು. ನಾಳೆಯೇ ಸೇರಬೇಕು. ಅನುಭವ: ಕನಿಷ್ಠ 2 ವರ್ಷ.’

ಮೊದಲ ಸಾಲಿನಲ್ಲಿ ಫ್ರೆಶರ್, ಕೊನೆಯ ಸಾಲಿನಲ್ಲಿ ಎರಡು ವರ್ಷ. ಬರೆದವರಿಗೆ ಬುದ್ಧಿಯಿಲ್ಲ ಎಂದುಕೊಳ್ಳಬೇಡಿ. ಬುದ್ಧಿ ಇರುವುದರಿಂದಲೇ ಹೀಗೆ ಬರೆದಿದ್ದಾರೆ. ಸಂಬಳ ನಿಗದಿ ಮಾಡುವಾಗ ಮೊದಲ ಸಾಲು ಉಪಯೋಗಕ್ಕೆ ಬರುತ್ತದೆ, ಕೆಲಸ ಹೇಳುವಾಗ ಕೊನೆಯ ಸಾಲು.

ಹಾಗಾದರೆ ಆ ಎರಡು ವರ್ಷವನ್ನು ಹುಡುಗ ಎಲ್ಲಿಂದ ತರಬೇಕು? ಬೇರೆ ಕಂಪನಿಯಿಂದ. ಆ ಕಂಪನಿಯವರೂ ಇದೇ ಜಾಹೀರಾತು ಹಾಕಿದ್ದಾರಲ್ಲ ಎಂದು ಕೇಳಿದರೆ ಎಚ್‌ಆರ್ ಮೇಡಂ ಮುಗುಳ್ನಕ್ಕು ಎರಡು ದಾರಿ ತೋರಿಸುತ್ತಾರೆ. ಒಂದು, ಸರ್ಟಿಫಿಕೇಟ್ ಮಾಡು. ಇನ್ನೊಂದು, ಅಪ್ರೆಂಟಿಸ್ ಆಗು. ಮೊದಲನೆಯದರಲ್ಲಿ ಕಲಿಯಲು ನೀನು ದುಡ್ಡು ಕೊಡಬೇಕು. ಎರಡನೆಯದರಲ್ಲಿ ದುಡಿಯಲು ಅವರು ದುಡ್ಡು ಕೊಡುತ್ತಾರೆ, ಆದರೆ ಅದನ್ನು ಸಂಬಳ ಅನ್ನುವಂತಿಲ್ಲ, ನಿನ್ನನ್ನು ಕೆಲಸಗಾರ ಅನ್ನುವಂತಿಲ್ಲ.

ಮುಂಬಯಿಗೂ ಸರ್ಟಿಫಿಕೇಟಿಗೂ ಹಳೆಯ ನಂಟು. ದಕ್ಷಿಣ ಕನ್ನಡದಿಂದ ಬಂದ ಹಿಂದಿನ ತಲೆಮಾರಿನ ಎಷ್ಟೋ ಮಂದಿ ಟ್ರಂಕಿನ ತಳದಲ್ಲಿ ಟೈಪಿಂಗ್ ಹೈಯರ್ ಸರ್ಟಿಫಿಕೇಟ್ ಇಟ್ಟುಕೊಂಡೇ ಬಂದವರು. ಮಾಟುಂಗಾದಲ್ಲಿ ಒಂದು ಖೋಲಿ, ಫೋರ್ಟ್‌ನಲ್ಲಿ ಒಂದು ಆಫೀಸು, ನಿಮಿಷಕ್ಕೆ ಇಷ್ಟು ಶಬ್ದ ಎಂಬ ಒಂದು ಲೆಕ್ಕ. ಅಷ್ಟರ ಮೇಲೆ ಸಂಸಾರ ನಿಂತಿತು, ಡೊಂಬಿವಲಿಯಲ್ಲಿ ಬ್ಲಾಕ್ ಆಯಿತು. 1980ರ ದಶಕದಲ್ಲಿ ಕಂಪ್ಯೂಟರ್ ಕ್ಲಾಸುಗಳು ಬಂದವು. ಎನ್‌ಐಐಟಿ 1981ರಲ್ಲಿ ದಿಲ್ಲಿಯಲ್ಲಿ ಹುಟ್ಟಿತು, ಆಪ್ಟೆಕ್ 1986ರಲ್ಲಿ ನಮ್ಮ ಮುಂಬಯಿಯಲ್ಲೇ. 2001ರಲ್ಲಿ ಮಹಾರಾಷ್ಟ್ರ ಸರ್ಕಾರ ಎಂಕೆಸಿಎಲ್ ಎಂಬ ಸಂಸ್ಥೆಯ ಮೂಲಕ ಎಂಎಸ್–ಸಿಐಟಿ ಎಂಬ ಕಂಪ್ಯೂಟರ್ ಕೋರ್ಸ್ ಶುರುಮಾಡಿತು. ಸರ್ಕಾರಿ ನೌಕರಿಗೆ ಅದು ಬೇಕು ಎಂದಾದದ್ದೇ ತಡ, ಅಂಬರನಾಥದಿಂದ ವಿರಾರ್‌ವರೆಗೆ ಗಲ್ಲಿಗೊಂದು ಸೆಂಟರ್ ಎದ್ದಿತು. ಕೀಲಿಮಣೆ ಮುಟ್ಟದ ಗುಮಾಸ್ತರ ಕೈಯಲ್ಲೂ ಆ ಕಾಗದ ಬಂತು.

ಆದರೆ ಆ ಕಾಲದ ಸರ್ಟಿಫಿಕೇಟುಗಳಿಗೆ ಒಂದು ಮರ್ಯಾದೆ ಇತ್ತು. ಒಮ್ಮೆ ಪಾಸಾದರೆ ಸಾಯುವವರೆಗೆ ಪಾಸು. ಅಪ್ಪನ ಟೈಪಿಂಗ್ ಹೈಯರ್ ಇವತ್ತಿಗೂ ಊರ್ಜಿತ, ಟೈಪ್‌ರೈಟರ್ ಮಾತ್ರ ಗುಜರಿಗೆ ಹೋಗಿದೆ. ಈಗಿನದ್ದು ತದ್ವಿರುದ್ಧ. ಸಿಸ್ಕೊ ಕಂಪನಿಯ ಸಿಸಿಎನ್‌ಎ ಪರೀಕ್ಷೆಗೆ 300 ಡಾಲರ್, ಮೇಲೆ ತೆರಿಗೆ. ಆಯುಷ್ಯ ಮೂರೇ ವರ್ಷ. ಅಮೆಜಾನಿನ ಕ್ಲೌಡ್ ಪ್ರಾಕ್ಟಿಷನರ್‌ಗೆ 100 ಡಾಲರ್, ಅದಕ್ಕೂ ಮೂರೇ ವರ್ಷ. ಕಾಂಪ್ಟಿಯಾದ ಎ ಪ್ಲಸ್‌ಗೆ ಒಂದಲ್ಲ, ಎರಡು ಪರೀಕ್ಷೆ ಬರೆಯಬೇಕು. ಎರಡಕ್ಕೂ ಬೇರೆ ಬೇರೆ ಫೀಸು, ಮೂರು ವರ್ಷಕ್ಕೆ ಅದರ ವಾಯಿದೆಯೂ ಮುಗಿಯುತ್ತದೆ. ಮಹಾಪೆಯಲ್ಲಿ ರೂಟರ್ ಇನ್ನೂ ಮಿಣಮಿಣ ಎನ್ನುತ್ತಿರುತ್ತದೆ, ಅದನ್ನು ಬಲ್ಲೆ ಎಂದ ಸರ್ಟಿಫಿಕೇಟು ಸತ್ತಿರುತ್ತದೆ. ಪರೀಕ್ಷೆಯ ಫೀಸು ಡಾಲರಿನಲ್ಲಿ, ಕೆಲಸದ ಸಂಬಳ ರೂಪಾಯಿಯಲ್ಲಿ. ರೂಪಾಯಿ ಕುಸಿದ ದಿನ ದಲಾಲ್ ಸ್ಟ್ರೀಟ್ ಅಳುವುದಕ್ಕೆ ಮೊದಲು ನಮ್ಮ ಬಿಲ್ಡಿಂಗಿನ ಹುಡುಗ ಅಳುತ್ತಾನೆ.

ಆ ಹುಡುಗನ ಜತೆ ಮೊನ್ನೆ ಠಾಣೆ ಸ್ಟೇಷನ್ ಪಕ್ಕದ ಒಂದು ಇನ್‌ಸ್ಟಿಟ್ಯೂಟಿಗೆ ನಾನೂ ಹೋಗಿದ್ದೆ. ‘ಮಾಮ, ನೀವು ಬಂದರೆ ಅವರು ಸ್ವಲ್ಪ ಸರಿಯಾಗಿ ಮಾತಾಡ್ತಾರೆ’ ಎಂದಿದ್ದ. ಫರ್ಸಾಣದ ಅಂಗಡಿಯ ಮೇಲಿನ ಎರಡನೇ ಮಾಳಿಗೆ. ಗೋಡೆಯ ತುಂಬ ಟೈ ಕಟ್ಟಿದವರ ಫೋಟೊ, ಪ್ರತಿಯೊಂದರ ಕೆಳಗೆ ಒಂದೊಂದು ದೊಡ್ಡ ಕಂಪನಿಯ ಮುದ್ರೆ. ಎದುರಿಗೆ ಕೌನ್ಸೆಲರ್ ಎಂಬ ಇಪ್ಪತ್ತೆರಡರ ತರುಣ. ಹುಡುಗನಿಗೆ ಏನು ಬರುತ್ತದೆ ಎಂದು ಅವನು ಕೇಳಲಿಲ್ಲ. ‘ಪಪ್ಪಾ ಏನು ಮಾಡ್ತಾರೆ?’ ಎಂದು ಕೇಳಿದ. ಹೋಟೆಲಿನಲ್ಲಿ ಮ್ಯಾನೇಜರ್ ಎಂದ ಕೂಡಲೇ ಕ್ಯಾಲ್ಕುಲೇಟರ್ ಹೊರಬಂತು. ಒಂದೇ ಕಂತಾದರೆ ಇಷ್ಟು, ಇಎಂಐ ಆದರೆ ಅಷ್ಟು, ಇವತ್ತೇ ಸೇರಿದರೆ ಎಐ ಕೋರ್ಸ್ ಉಚಿತ.

‘ಕೆಲಸ ಗ್ಯಾರಂಟಿಯಾ?’ ಎಂದೆ.

‘ಹಂಡ್ರೆಡ್ ಪರ್ಸೆಂಟ್ ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್, ಸರ್.’ ಪ್ಲೇಸ್‌ಮೆಂಟ್ ಎಂಬುದನ್ನು ಒತ್ತಿ ಹೇಳಿದ, ಅಸಿಸ್ಟೆನ್ಸ್ ಎಂಬುದನ್ನು ನುಂಗಿದ. ಬ್ರೋಷರಿನಲ್ಲೂ ಅಕ್ಷರಗಳ ಗಾತ್ರ ಹಾಗೆಯೇ ಇತ್ತು.

‘ನೀವೂ ಇಲ್ಲೇ ಕಲಿತವರಾ?’

‘ಹೌದು ಸರ್, ಹೋದ ವರ್ಷದ ಬ್ಯಾಚು. ನೆಟ್‌ವರ್ಕಿಂಗ್.’

‘ಕೆಲಸ?’

ತರುಣ ತನ್ನ ಮೇಜನ್ನೇ ತೋರಿಸಿದ. ‘ಇದೇ ಸರ್. ಇಲ್ಲೇ ಪ್ಲೇಸ್ ಆದೆ.’

ಇದರಲ್ಲಿ ಮೋಸವೇನೂ ಇಲ್ಲ ಮಾರಾಯ್ರೆ. ಅವನಿಗೆ ನಿಜವಾಗಿಯೂ ಕೆಲಸ ಸಿಕ್ಕಿದೆ. ಐಟಿ ಕೆಲಸ ಸಿಗದವನು ಐಟಿ ಕೆಲಸಕ್ಕೆ ತಯಾರು ಮಾಡುವ ಕೆಲಸ ಹಿಡಿಯುತ್ತಾನೆ. ಇನ್ನೂ ಸ್ವಲ್ಪ ಬುದ್ಧಿ ಇದ್ದರೆ ಫ್ಯಾಕಲ್ಟಿ ಆಗುತ್ತಾನೆ, ಬಂಡವಾಳ ಇದ್ದರೆ ಕಲ್ಯಾಣದಲ್ಲಿ ಬ್ರಾಂಚ್ ತೆಗೆಯುತ್ತಾನೆ. ಐಟಿ ಉದ್ಯಮ ಕುಗ್ಗಿದ ವರ್ಷವೂ ಈ ಉದ್ಯಮ ಕುಗ್ಗುವುದಿಲ್ಲ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುತ್ತೇನೆ ಎಂದಾಗ ಕ್ಲಾಸುಗಳಲ್ಲಿ ಹೊಸ ಬ್ಯಾನರ್ ಬಂತು: ‘ಅಪ್‌ಸ್ಕಿಲ್ ಆಗಿ, ಇಲ್ಲವೇ ಹೊರಬೀಳಿ.’ ಕೆಲಸ ಹೋದವನೂ ಗಿರಾಕಿ, ಕೆಲಸ ಸಿಗದವನೂ ಗಿರಾಕಿ.

ಪರೀಕ್ಷೆಯ ವಿಷಯಕ್ಕೆ ಬಂದರೆ ‘ಡಂಪ್ಸ್’ ಎಂಬ ಮಹಾಗ್ರಂಥವಿದೆ. ಹಿಂದೆ ಪರೀಕ್ಷೆ ಬರೆದವರಿಂದ ಸಂಗ್ರಹಿಸಿದ ಪ್ರಶ್ನೆ–ಉತ್ತರಗಳ ಪಿಡಿಎಫ್. ಟೆಲಿಗ್ರಾಂನಲ್ಲಿ ಸಿಗುತ್ತದೆ. ಇದನ್ನು ಉರು ಹೊಡೆದವನು ಕೇಬಲ್ ಕ್ರಿಂಪ್ ಮಾಡದೆಯೂ ಪಾಸಾಗುತ್ತಾನೆ. ಎಚ್‌ಆರ್‌ಗೆ ಇದು ಗೊತ್ತು. ಆದ್ದರಿಂದ ಸಿಸಿಎನ್‌ಎ ಇದ್ದವನನ್ನು ಅವರು ನಂಬುವುದಿಲ್ಲ, ಇಲ್ಲದವನನ್ನು ಕರೆಯುವುದಿಲ್ಲ. ನಂಬಿಕೆ ಕಡಿಮೆಯಾದಷ್ಟೂ ಸರ್ಟಿಫಿಕೇಟುಗಳ ಸಂಖ್ಯೆ ಏರುತ್ತದೆ. ಒಂದು ಸಾಕಾಗುತ್ತಿದ್ದಲ್ಲಿ ಮೂರು, ಮೂರರ ಜತೆಗೆ ಒಂದು ಎಐ. ಲಿಂಕ್ಡ್‌ಇನ್‌ನಲ್ಲಿ ಬ್ಯಾಡ್ಜುಗಳ ಸಾಲು ಹಾಕಿ ‘ಈ ಸಾಧನೆಯನ್ನು ಹಂಚಿಕೊಳ್ಳಲು ರೋಮಾಂಚನವಾಗುತ್ತಿದೆ’ ಎಂದು ಬರೆದವನಿಗೆ ನಾನೂರು ಲೈಕು ಬೀಳುತ್ತವೆ. ಲೈಕ್ ಕೊಟ್ಟ ನಾನೂರು ಮಂದಿಯೂ ಕೆಲಸ ಹುಡುಕುತ್ತಿರುವವರೇ.

ಡಿಗ್ರಿಯನ್ನು ಏಕೆ ಯಾರೂ ನಂಬುವುದಿಲ್ಲ ಎಂದು ಕೇಳಬಹುದು. ಹೋಟೆಲಿನ ದುಡಿಮೆಯಿಂದ ಮೇಲೆ ಬಂದ ಸಮಾಜ ನಮ್ಮದು. ಡಿಗ್ರಿಯನ್ನು ನಂಬಿಯೇ ಬಂಟರ ಸಂಘ ಪೊವಾಯಿಯಲ್ಲಿ ಎಸ್.ಎಂ. ಶೆಟ್ಟಿ ಕಾಲೇಜು ಕಟ್ಟಿತು. ಉಪನಗರದ ಇತರ ಕಾಲೇಜುಗಳಂತೆ ಅಲ್ಲೂ ಬಿಎಸ್ಸಿ ಐಟಿ ಇದೆ. ತಪ್ಪು ಕಾಲೇಜುಗಳದ್ದಲ್ಲ, ಎಲ್ಲವಕ್ಕೂ ತಲೆಯಾದ ಮುಂಬಯಿ ವಿಶ್ವವಿದ್ಯಾಲಯದ್ದು ಎನ್ನೋಣವೆಂದರೆ ಅದರ ಕಥೆಯೇ ಬೇರೆ. 2017ರಲ್ಲಿ ಉತ್ತರಪತ್ರಿಕೆಗಳನ್ನು ಕಂಪ್ಯೂಟರ್ ಪರದೆಯ ಮೇಲೆ ತಿದ್ದುತ್ತೇವೆಂದು ಹೊರಟಿತು. ಫಲಿತಾಂಶ ತಿಂಗಳುಗಟ್ಟಲೆ ತಡವಾಗಿ, ಕುಲಪತಿಯವರೇ ಹುದ್ದೆ ಕಳೆದುಕೊಂಡರು. ಐಟಿ ಪದವಿ ಕೊಡುವ ಸಂಸ್ಥೆಗೇ ಐಟಿ ಕೈಕೊಟ್ಟಿತು. ಹುಡುಗ ಡಿಗ್ರಿಯ ಜತೆಗೆ ಇನ್ನೊಂದು ಸಾಕ್ಷಿ ಹುಡುಕಿದರೆ ತಪ್ಪೇನು?

ಕಲಿತವನನ್ನೇ ನೋಡಬೇಕೆಂದರೆ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ. ಕಾಗದದಲ್ಲಿ ಅದು ಡಾ. ಭಡ್ಕಮಕರ್ ಮಾರ್ಗ, ಬಾಯಲ್ಲಿ ಇನ್ನೂ ಲ್ಯಾಮಿಂಗ್ಟನ್. ಮೆಟ್ಟಿಲ ಕೆಳಗಿನ ಮೂರಡಿ ಜಾಗದಲ್ಲಿ ಒಬ್ಬ ಹುಡುಗ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಬಿಚ್ಚಿಟ್ಟು, ಹಾಟ್ ಏರ್ ಗನ್ ಹಿಡಿದು, ಸಾಸಿವೆ ಗಾತ್ರದ ಐಸಿಯನ್ನು ಚಿಮುಟದಲ್ಲಿ ಎತ್ತುತ್ತಿರುತ್ತಾನೆ. ಸುತ್ತ ಸುಟ್ಟ ಫ್ಲಕ್ಸಿನ ವಾಸನೆ. ನಿಮ್ಮ ಲ್ಯಾಪ್‌ಟಾಪ್ ಏಕೆ ಆನ್ ಆಗುತ್ತಿಲ್ಲ ಎಂಬುದನ್ನು ಮಲ್ಟಿಮೀಟರಿನ ಎರಡು ಕಡ್ಡಿ ಇಟ್ಟು ಹೇಳಿಬಿಡುತ್ತಾನೆ. ಯಾವ ಕ್ಲಾಸು ಎಂದು ಕೇಳಿದರೆ ‘ಉಸ್ತಾದ್ ಸಿಖಾಯಾ’ ಎನ್ನುತ್ತಾನೆ. ಅವನಿಗೆ ಮಹಾಪೆಯ ಗೇಟಿನೊಳಗೆ ಪ್ರವೇಶವಿಲ್ಲ, ಏಕೆಂದರೆ ಅವನ ಬಳಿ ಬ್ಯಾಡ್ಜಿಲ್ಲ. ಬ್ಯಾಡ್ಜಿರುವವನ ಲ್ಯಾಪ್‌ಟಾಪ್ ಕೆಟ್ಟರೆ ರಿಪೇರಿಗೆ ಬರುವುದು ಇವನ ಬಳಿಗೇ.

ಇನ್ನು ಬ್ಯಾಡ್ಜಿನವನಿಗೆ ಒಳಗೆ ಸಿಗುವ ಕೆಲಸವನ್ನೂ ನೋಡಿ. ಕಂಪನಿಯ ಹೆಸರು ಕೊರಳಪಟ್ಟಿಯ ಮೇಲೆ ಇರುತ್ತದೆ, ಸಂಬಳದ ಚೀಟಿಯಲ್ಲಿ ಯಾವುದೋ ಥರ್ಡ್ ಪಾರ್ಟಿಯದ್ದು. ಬೆನ್ನಿನ ಚೀಲದಲ್ಲಿ ಕ್ರಿಂಪಿಂಗ್ ಟೂಲ್, ಹಿಡಿಯಷ್ಟು ಆರ್‌ಜೆ45, ಎರಡು ರ್‍ಯಾಮ್, ಒಂದು ಪೆನ್‌ಡ್ರೈವ್, ಅಮ್ಮ ಕೊಟ್ಟ ಡಬ್ಬಾ. ಬೆಳಿಗ್ಗೆ ಭಾಯಂದರಿನ ಬ್ಯಾಂಕಿನಲ್ಲಿ ಪ್ರಿಂಟರ್, ಮಧ್ಯಾಹ್ನ ಮುಲುಂದಿನಲ್ಲಿ ಪಾಸ್‌ವರ್ಡ್ ರಿಸೆಟ್, ಸಂಜೆ ಬದ್ಲಾಪುರದಲ್ಲಿ ‘ನೆಟ್ ಬರ್ತಾ ಇಲ್ಲ’. ಕ್ಲೌಡ್ ಸರ್ಟಿಫಿಕೇಟ್ ಪಡೆದವನು ಮ್ಯಾನೇಜರರ ಮೇಜಿನಡಿಗೆ ನುಗ್ಗಿ ಕಸಬರಿಕೆಯವಳ ಕಾಲು ತಾಗಿ ಕಳಚಿದ ಪ್ಲಗ್ಗನ್ನು ಮತ್ತೆ ಸಿಕ್ಕಿಸುತ್ತಾನೆ. ಟಿಕೆಟ್ ಕ್ಲೋಸ್. ಇದಕ್ಕೆ 300 ಡಾಲರಿನ ಪರೀಕ್ಷೆ ಏಕೆ ಬೇಕಿತ್ತು ಎಂದು ಕೇಳಬೇಡಿ. ಅರ್ಜಿಗಳ ರಾಶಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಎಸೆಯಲು ಏನಾದರೊಂದು ನೆಪ ಬೇಕಲ್ಲ!

ಸರಿ, ಈ ದಾರಿ ದುಬಾರಿಯಾಯಿತು. ಎರಡನೆಯ ದಾರಿ ಹಿಡಿಯೋಣ.

ಅಪ್ರೆಂಟಿಸ್ ಕಾಯ್ದೆ 1961ರದ್ದು. ಮೂಲದಲ್ಲಿ ಕಾರ್ಖಾನೆಗಳಿಗಾಗಿ ಮಾಡಿದ್ದು, ಆಮೇಲೆ ಪದವೀಧರರಿಗೂ ಹಿಗ್ಗಿತು. ಪಶ್ಚಿಮ ಭಾರತದ ಪದವೀಧರ ಅಪ್ರೆಂಟಿಸ್‌ಗಳ ಹೊಣೆ ಹೊತ್ತ ಮಂಡಳಿಯ ಕಚೇರಿ ನಮ್ಮ ಸಯನ್‌ನಲ್ಲೇ ಇದೆ, ಮಾಟುಂಗಾದಿಂದ ಒಂದೇ ಸ್ಟೇಷನ್ ದೂರ. 30 ಅಥವಾ ಹೆಚ್ಚು ಸಿಬ್ಬಂದಿ ಇರುವ ಪ್ರತಿ ಸಂಸ್ಥೆಯೂ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2019ರ ನಿಯಮದಂತೆ ಪದವೀಧರನಿಗೆ ತಿಂಗಳಿಗೆ ಕನಿಷ್ಠ 9 ಸಾವಿರ ಸ್ಟೈಪೆಂಡ್. ಅದನ್ನು 12,300ಕ್ಕೆ ಏರಿಸಬೇಕೆಂದು 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಪರಿಷತ್ತು ಶಿಫಾರಸು ಮಾಡಿತು. ಕನಿಷ್ಠ ಸ್ಟೈಪೆಂಡಿನ ಅರ್ಧವನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯೂ ಇದೆ. ಅಂದರೆ ಪದವೀಧರನೊಬ್ಬ ಕಂಪನಿಗೆ ಬೀಳುವುದು ತಿಂಗಳಿಗೆ ನಾಲ್ಕೂವರೆ ಸಾವಿರಕ್ಕೆ. ಘನ್ಸೋಲಿಯಲ್ಲಿ ಅಷ್ಟಕ್ಕೆ ಪೇಯಿಂಗ್ ಗೆಸ್ಟ್ ಮಂಚವೂ ಸಿಗುವುದು ಅನುಮಾನ.

ತೆಗೆದುಕೊಳ್ಳದಿದ್ದರೆ? ಕಾಯ್ದೆ ಕೆಂಗಣ್ಣು ಬಿಡುತ್ತದೆ. ಹಿಂದೆ ಜೈಲಿನ ಮಾತಿತ್ತು. 2014ರ ತಿದ್ದುಪಡಿಯಲ್ಲಿ ಅದನ್ನು ತೆಗೆದು ದಂಡ ಇಟ್ಟರು. ಕಡಿಮೆ ಬಿದ್ದ ಒಬ್ಬೊಬ್ಬ ಅಪ್ರೆಂಟಿಸ್‌ಗೆ ಮೊದಲ ಮೂರು ತಿಂಗಳು ತಿಂಗಳಿಗೆ 500 ರೂಪಾಯಿ, ಆಮೇಲೆ 1,000 ರೂಪಾಯಿ. ಕಲಿಸಿದರೆ 4,500, ಕಲಿಸದಿದ್ದರೆ 500. ಯಾವುದು ಲಾಭ ಎಂದು ಹೇಳಲು ಚಾರ್ಟರ್ಡ್ ಅಕೌಂಟೆಂಟ್ ಬೇಕಿಲ್ಲ, ಗಲ್ಲಾದ ಮೇಲೆ ಒಂದು ವಾರ ಕೂತವನೂ ಹೇಳುತ್ತಾನೆ.

ಆದರೂ ಕಂಪನಿಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತಿವೆ. ದೇಶಸೇವೆಯ ಉಮೇದು ಎಂದು ನಂಬುವವರು ಕಾಯ್ದೆಯ 18ನೇ ಸೆಕ್ಷನ್ ಓದಬೇಕು. ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವನು, ಕೆಲಸಗಾರನಲ್ಲ. ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. 22ನೇ ಸೆಕ್ಷನ್ ಇನ್ನೂ ಸೊಗಸು. ತರಬೇತಿ ಮುಗಿದವನನ್ನು ನೌಕರಿಗೆ ತೆಗೆದುಕೊಳ್ಳುವ ಬಗ್ಗೆ ಪ್ರತಿ ಮಾಲೀಕನೂ ತನ್ನದೇ ನೀತಿ ಮಾಡಿಕೊಳ್ಳಬೇಕು. ಯಾರನ್ನೂ ತೆಗೆದುಕೊಳ್ಳುವುದಿಲ್ಲ ಎಂಬುದೂ ಒಂದು ನೀತಿಯೇ ತಾನೆ?

ಮುಂಬಯಿಯಲ್ಲಿ ಬಾಡಿಗೆ ಮನೆಯಲ್ಲಿದ್ದವರಿಗೆ ಇದು ಹೊಸದಲ್ಲ. ಮನೆ ಮಾಲೀಕ 11 ತಿಂಗಳ ಲೀವ್ ಆ್ಯಂಡ್ ಲೈಸನ್ಸ್ ಮಾಡಿಕೊಳ್ಳುತ್ತಾನೆ. ನೀವು ಬಾಡಿಗೆದಾರರಲ್ಲ, ಬರೀ ಲೈಸೆನ್ಸಿ. ಮನೆಯಲ್ಲಿ ಮಲಗಬಹುದು, ಅಡುಗೆ ಮಾಡಬಹುದು, ಮಗುವಿನ ನಾಮಕರಣವನ್ನೂ ಮಾಡಬಹುದು, ಹಕ್ಕು ಮಾತ್ರ ಹುಟ್ಟಬಾರದು. ಹುಟ್ಟುವ ಮೊದಲೇ ಅಗ್ರಿಮೆಂಟ್ ಮುಗಿಯುತ್ತದೆ, ಇನ್ನೊಬ್ಬ ಬರುತ್ತಾನೆ. ಕಂಪನಿಯ ಕುರ್ಚಿಗೂ ಈಗ ಇದೇ ಅಗ್ರಿಮೆಂಟ್.

ತಮಾಷೆಗೆ ಹೇಳಿದೆನೆಂದುಕೊಂಡರೆ ಮಹಾರಾಷ್ಟ್ರ ಸರ್ಕಾರವನ್ನೇ ನೋಡಿ. 2024ರ ಆಷಾಢ ಏಕಾದಶಿಯಂದು, ಚುನಾವಣೆಗೆ ಕೆಲವೇ ತಿಂಗಳಿರುವಾಗ, ಪಂಢರಪುರದಲ್ಲಿ ಅಂದಿನ ಮುಖ್ಯಮಂತ್ರಿ ಏಕನಾಥ ಶಿಂದೆಯವರು ಯುವಕರಿಗಾಗಿ ಕಾರ್ಯ ಪ್ರಶಿಕ್ಷಣ ಯೋಜನೆಯ ಘೋಷಣೆ ಮಾಡಿದರು. ಜನ ಅದಕ್ಕೆ ‘ಲಾಡ್ಕಾ ಭಾವೂ’ ಎಂದು ಹೆಸರಿಟ್ಟರು. ಹನ್ನೆರಡನೇ ತರಗತಿ ಆದವನಿಗೆ 6 ಸಾವಿರ, ಐಟಿಐ–ಡಿಪ್ಲೊಮಾಕ್ಕೆ 8 ಸಾವಿರ, ಪದವೀಧರನಿಗೆ 10 ಸಾವಿರ, ಆರು ತಿಂಗಳ ತರಬೇತಿ. ಆರು ತಿಂಗಳು ಮುಗಿದಾಗ ಮುದ್ದಿನ ತಮ್ಮಂದಿರು ‘ಮುಂದೇನು ಅಣ್ಣ?’ ಎಂದು ಕೇಳಿದರು. ಸರ್ಕಾರ ಅವಧಿಯನ್ನು ವಿಸ್ತರಿಸಿತು. ಎಷ್ಟಕ್ಕೆ? ಸರಿಯಾಗಿ 11 ತಿಂಗಳಿಗೆ. ಮನೆ ಮಾಲೀಕರ ಸಂಘವೂ ಇಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕುತ್ತಿರಲಿಲ್ಲ.

ಕೇಂದ್ರ ಸರ್ಕಾರ ಹಿಂದೆ ಬೀಳುತ್ತದೆಯೇ? ಅದೇ ವರ್ಷದ ಬಜೆಟ್ಟಿನಲ್ಲಿ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಬಂತು. ಐದು ವರ್ಷದಲ್ಲಿ ಒಂದು ಕೋಟಿ ಯುವಕರಿಗೆ ದೇಶದ 500 ದೊಡ್ಡ ಕಂಪನಿಗಳಲ್ಲಿ ಒಂದು ವರ್ಷದ ಅನುಭವ, ತಿಂಗಳಿಗೆ 5 ಸಾವಿರ. ಅದರಲ್ಲಿ ಸರ್ಕಾರದ್ದು 4,500, ದೇಶದ ಅತಿ ದೊಡ್ಡ ಕಂಪನಿಯ ಪಾಲು 500. ಅದೂ ಸಿಎಸ್‌ಆರ್ ನಿಧಿಯಿಂದ, ಅಂದರೆ ದಾನದ ಲೆಕ್ಕದಲ್ಲಿ. ಮೊದಲ ಸುತ್ತಿನಲ್ಲಿ ಕಂಪನಿಗಳು 82 ಸಾವಿರ ಆಫರ್ ಕೊಟ್ಟವು. ಒಪ್ಪಿದವರು 28 ಸಾವಿರ, ಹೋಗಿ ಸೇರಿದವರು 8,700ರ ಆಸುಪಾಸು. ಹುಡುಗರಿಗೆ ಗಣಿತ ಬರುವುದಿಲ್ಲ ಎಂದು ದೂರುವವರು ಇದನ್ನು ಗಮನಿಸಬೇಕು. ಐದು ಸಾವಿರದಲ್ಲಿ ಪರವೂರಿನಲ್ಲಿ ಬದುಕುವ ಲೆಕ್ಕವನ್ನು ಅವರು ಸರಿಯಾಗಿಯೇ ಮಾಡಿದರು.

ಕೌಶಲ ಕಲಿಸಿದ್ದರ ಲೆಕ್ಕವೂ ಸರ್ಕಾರದ ಬಳಿ ಇದೆ. 2015ರಲ್ಲಿ ಸ್ಕಿಲ್ ಇಂಡಿಯಾ ಶುರುವಾದಾಗ 2022ರೊಳಗೆ 40 ಕೋಟಿ ಮಂದಿಗೆ ಕೌಶಲ ಎಂದಿದ್ದರು. 2025ರ ಡಿಸೆಂಬರಿನಲ್ಲಿ ಸಂಸತ್ತಿಗೆ ಬಂದ ಸಿಎಜಿ ವರದಿ ಅದರಡಿಯ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ದಾಖಲೆ ಬಿಚ್ಚಿ ನೋಡಿತು. ಶೇ 94ಕ್ಕೂ ಹೆಚ್ಚು ಫಲಾನುಭವಿಗಳ ಬ್ಯಾಂಕ್ ಖಾತೆಯ ಕಾಲಮ್ಮಿನಲ್ಲಿ ಸೊನ್ನೆ, ‘ನಲ್’ ಅಥವಾ ಬರೀ ಖಾಲಿ. ಒಂದೇ ಫೋಟೊ ಹಲವರ ಹೆಸರಿನಲ್ಲಿ ಕೂತಿತ್ತು. ಡೇಟಾ ಎಂಟ್ರಿಯನ್ನು ಕಲಿಸುವ ಯೋಜನೆಯಲ್ಲೇ ಡೇಟಾ ಎಂಟ್ರಿ ಹೀಗಾದರೆ, ಆ ಸರ್ಟಿಫಿಕೇಟ್ ಹಿಡಿದು ಬಂದ ಹುಡುಗನನ್ನು ಎಚ್‌ಆರ್ ಅನುಮಾನಿಸಿದ್ದು ಆಶ್ಚರ್ಯವಲ್ಲ.

‘ನೀವು ಮುಂಬಯಿಯವರು ಯಾವಾಗಲೂ ಹೀಗೆ. ನಮ್ಮ ಕರ್ನಾಟಕದಲ್ಲಿ ಐಟಿ ಎಂದರೆ ಐಟಿ’ ಎಂದು ಊರಿನವರು ಹೇಳುವುದುಂಟು. ಹೌದು, ಮೈಸೂರಿನಲ್ಲಿ ಇನ್ಫೋಸಿಸ್‌ನ ತರಬೇತಿ ಕೇಂದ್ರವಿದೆ, ಅರಮನೆಯ ಹಾಗಿದೆ. 2022ರಲ್ಲಿ ಇಂಜಿನಿಯರಿಂಗ್ ಮುಗಿಸಿ ಆಫರ್ ಲೆಟರ್ ಪಡೆದ ಮಕ್ಕಳನ್ನು ಎರಡು ವರ್ಷ ಮನೆಯಲ್ಲಿ ಕಾಯಿಸಿ, ಆಮೇಲೆ ಕರೆಸಿ ಕಲಿಸಿದರು. 2025ರ ಫೆಬ್ರವರಿಯಲ್ಲಿ ಒಳಗಿನ ಪರೀಕ್ಷೆಯನ್ನು ಮೂರು ಸಲ ಬರೆದರೂ ಪಾಸಾಗಲಿಲ್ಲ ಎಂದು ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಹೊರಗೆ ಕಳಿಸಿದರು. ಗಲಾಟೆಯಾಯಿತು, ಕಾರ್ಮಿಕ ಇಲಾಖೆಯವರು ಬಂದರು, ಕಡತ ನೋಡಿದರು. ಇವರು ತರಬೇತಿಯಲ್ಲಿದ್ದ ಅಪ್ರೆಂಟಿಸ್‌ಗಳು, ಕಾಯಂ ನೌಕರರಲ್ಲ, ಹಾಗಾಗಿ ಇದು ಲೇ–ಆಫ್ ಅಲ್ಲ ಎಂಬ ಮಾತು ಅಧಿಕಾರಿಗಳ ಬಾಯಿಂದ ಬಂತು. ಕೆಲಸವೇ ಇರದಿದ್ದವನ ಕೆಲಸ ಹೋಗುವುದು ಹೇಗೆ? ಕಾನೂನಿನ ಪ್ರಕಾರ ಅವರು ಎಲ್ಲಿಂದಲೂ ಹೊರಬಿದ್ದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸೂಟ್‌ಕೇಸ್ ಹಿಡಿದು ನಿಂತದ್ದು ಬಹುಶಃ ಶೈಕ್ಷಣಿಕ ಪ್ರವಾಸ.

ಹಿಂದೆ ಎಲ್ಲ ಸ್ವರ್ಗವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಮೀಸೆ ಚಿಗುರದ ಹುಡುಗರು ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ಟೇಬಲ್ ಒರೆಸಿದ್ದಾರೆ, ಮೋರಿಯ ಬಳಿ ಪಾತ್ರೆ ತಿಕ್ಕಿದ್ದಾರೆ, ಹಿಟ್ಟಿನ ಮೂಟೆಯ ಮೇಲೆ ನಿದ್ದೆ ಮಾಡಿದ್ದಾರೆ. ಅದರಲ್ಲಿ ಕ್ರೌರ್ಯ ಸಾಕಷ್ಟಿತ್ತು. ಆದರೆ ಒಂದು ಸಂಗತಿ ಅಲ್ಲಿ ಖಚಿತವಿತ್ತು. ಕ್ಲೀನರ್ ಆದವನು ವೈಟರ್ ಆಗುತ್ತಿದ್ದ, ವೈಟರ್ ಗಲ್ಲಾಕ್ಕೆ ಬರುತ್ತಿದ್ದ, ಕೆಲವರು ಸ್ವಂತ ಬೋರ್ಡ್ ಹಾಕುತ್ತಿದ್ದರು. 1942ರಲ್ಲಿ ಮಾಟುಂಗಾ ಸ್ಟೇಷನ್ ಪಕ್ಕ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರೂ ಅಡುಗೆಮನೆಯಿಂದಲೇ ಮೇಲೆ ಬಂದವರು. ರಾತ್ರಿ ಏಪ್ರನ್ ಬಿಚ್ಚಿಟ್ಟು ಫೋರ್ಟ್‌ನ ಮೊಗವೀರ ರಾತ್ರಿ ಶಾಲೆಗೋ ಗುರು ನಾರಾಯಣ ರಾತ್ರಿ ಶಾಲೆಗೋ ಓಡಿದ ಹುಡುಗರು ಬ್ಯಾಂಕ್ ಆಫೀಸರ್, ವಕೀಲರಾದರು. ಎರಡು ವರ್ಷದ ಅನುಭವ ತಂದರೆ ಮಾತ್ರ ಟೇಬಲ್ ಒರೆಸಲು ಬಿಡುತ್ತೇನೆ ಎಂದು ಯಾವ ಧಣಿಯೂ ಹೇಳಲಿಲ್ಲ.

ಐಟಿಯೂ ಮೊದಲಿಗೆ ಹಾಗೆಯೇ ಇತ್ತು. ಟಿಸಿಎಸ್ 1968ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿತು. ಸಾಂತಾಕ್ರೂಜ್ ಹೆಸರಿನ, ಅಂಧೇರಿಯಲ್ಲಿರುವ ಸೀಪ್ಜ್ ರಫ್ತು ವಲಯ 1973ರಲ್ಲಿ ಬಂತು. ಆಗ ಪ್ರೋಗ್ರಾಮಿಂಗ್ ಕಲಿತು ಬಂದವರು ಎಲ್ಲಿದ್ದರು? ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಗಣಿತ ಓದಿದವರನ್ನು ಸಂಬಳ ಕೊಟ್ಟು ಸೇರಿಸಿಕೊಂಡು ಕಂಪನಿಗಳೇ ಕಲಿಸಿದವು. ಹಾಗೆ ಕಲಿತವರು ಇವತ್ತು ದೊಡ್ಡ ವೇದಿಕೆಗಳಲ್ಲಿ ನಿಂತು ‘ನಮ್ಮ ಪದವೀಧರರು ಉದ್ಯೋಗಕ್ಕೆ ಯೋಗ್ಯರಲ್ಲ’ ಎಂದು ಭಾಷಣ ಮಾಡುತ್ತಾರೆ. ಅವರೂ ಯೋಗ್ಯರಾಗಿರಲಿಲ್ಲ, ಮೊದಲ ತಿಂಗಳ ಸಂಬಳ ಸಿಕ್ಕಿದ ಮೇಲೆ ಯೋಗ್ಯರಾದರು. ಈಗ ಕಲಿಸುವ ಖರ್ಚು ಕಂಪನಿಯ ಖಾತೆಯಿಂದ ಹೊರಟು, ಸರ್ಕಾರದ ಖಾತೆಯನ್ನು ಸವರಿಕೊಂಡು, ಹೋಟೆಲ್ ಮ್ಯಾನೇಜರರ ಇಎಂಐಗೆ ಬಂದು ನಿಂತಿದೆ.

ಬರೀ ಟೀಕೆ ಬೇಡ, ಪರಿಹಾರ ಹೇಳಿ ಎನ್ನುವವರಿಗಾಗಿ ಮೂರು ಬಡ ಸಲಹೆ.

ಒಂದು: ಜಾಹೀರಾತಿನಲ್ಲಿ ಯಾರು ಸರ್ಟಿಫಿಕೇಟ್ ಕೇಳುತ್ತಾರೋ ಪರೀಕ್ಷೆಯ ಫೀಸು ಅವರೇ ಕೊಡಲಿ. ಆಗ ಪ್ರಿಂಟರ್ ರಿಪೇರಿಗೆ ಎಷ್ಟು ಸರ್ಟಿಫಿಕೇಟ್ ಬೇಕು ಎಂಬುದು ಒಂದೇ ವಾರದಲ್ಲಿ ತೀರ್ಮಾನವಾಗುತ್ತದೆ.

ಎರಡು: ಒಂದೇ ಜಾಹೀರಾತಿನಲ್ಲಿ ‘ಫ್ರೆಶರ್’ ಮತ್ತು ‘2 ವರ್ಷ ಅನುಭವ’ ಒಟ್ಟಿಗೆ ಬಂದರೆ 500 ರೂಪಾಯಿ ದಂಡ. ದೊಡ್ಡ ಕಂಪನಿಗಳನ್ನು ಬೆದರಿಸಲು ಆ ಮೊತ್ತ ಸಾಕು ಎಂದು ಸಂಸತ್ತೇ ಒಪ್ಪಿದೆಯಲ್ಲ.

ಮೂರನೆಯದು ಮಾತ್ರ ನಗೆಯ ಮಾತಲ್ಲ. ಒಂದು ಕುರ್ಚಿಯಲ್ಲಿ ಈ ವರ್ಷ ಒಬ್ಬ ಅಪ್ರೆಂಟಿಸ್, ಬರುವ ವರ್ಷ ಇನ್ನೊಬ್ಬ, ಅದರಾಚೆ ಮತ್ತೊಬ್ಬ ಕೂತು ಅದೇ ಟಿಕೆಟ್‌ಗಳನ್ನು ಅದೇ ರೀತಿ ಕ್ಲೋಸ್ ಮಾಡುತ್ತಿದ್ದರೆ ಅದು ಕಲಿಕೆಯ ಕುರ್ಚಿಯಲ್ಲ, ನೌಕರಿಯ ಕುರ್ಚಿ. ಮೂರನೆಯ ವರ್ಷ ಅಲ್ಲಿ ಕೂತವನಿಗೆ ಅದು ಕಾಯಂ ಆಗಬೇಕು. ಸಯನ್‌ನ ಮಂಡಳಿಯಲ್ಲಿ ಪ್ರತಿ ಅಪ್ರೆಂಟಿಸನ ನೋಂದಣಿ ಆಗುತ್ತದೆ. ಅದರ ಜತೆ ಕುರ್ಚಿಯ ನೋಂದಣಿಯೂ ಆಗಲಿ. ಕಲಿಸುವ ಉದ್ದೇಶ ನಿಜವಾಗಿಯೂ ಇರುವ ಕಂಪನಿಗೆ ಇದರಿಂದ ನಯಾ ಪೈಸೆ ನಷ್ಟವಿಲ್ಲ, ಕಲಿತವನು ಅಲ್ಲೇ ಉಳಿಯುತ್ತಾನೆ.

ಇದಕ್ಕೆ ಕಂಪನಿಯವರು ಒಪ್ಪುವುದಿಲ್ಲವೆಂದು ಗೊತ್ತು. ‘ಉದ್ಯಮಕ್ಕೂ ಶಿಕ್ಷಣಕ್ಕೂ ನಡುವೆ ಸ್ಕಿಲ್ ಗ್ಯಾಪ್ ಇದೆ, ಅದು ತುಂಬುವವರೆಗೆ ಇದೆಲ್ಲ ಅನಿವಾರ್ಯ’ ಎಂದು ವಿವರಿಸುತ್ತಾರೆ. ಆ ಗ್ಯಾಪಿನ ಅಳತೆಯೂ ಕಷ್ಟವಿಲ್ಲ. 2024ರ ಆಗಸ್ಟಿನಲ್ಲಿ ಕಾಗ್ನಿಜೆಂಟ್ ಮೂರು ವರ್ಷದ ಪದವಿಯವರಿಗೆ ಕೊಡಹೊರಟ, ದೇಶವೇ ನಕ್ಕ ಸಂಬಳ ವರ್ಷಕ್ಕೆ 2.52 ಲಕ್ಷ, ತಿಂಗಳಿಗೆ 21 ಸಾವಿರ. ಅಪ್ರೆಂಟಿಸನಿಗೆ 9 ಸಾವಿರ, ಅದರಲ್ಲಿ ಅರ್ಧ ಸರ್ಕಾರದ್ದು. ಕಳೆದು ನೋಡಿ. ಅವರು ಸ್ಕಿಲ್ ಗ್ಯಾಪ್ ಎನ್ನುವುದು ತಲೆಗೆ, ತಿಂಗಳಿಗೆ, 16,500 ರೂಪಾಯಿ.